ಸಿರಿಂಜ್ ಕ್ಯಾಪ್ ಯಾವ ಬಣ್ಣ? ಶುಗರ್, ಮನೆ ಮತ್ತು ಮುಖ ನೋಡದ ಗೆಳೆಯರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ರಾತ್ರಿ ನಿದ್ದೆ ಬರದೆ ಇಯರ್‌ಫೋನ್ ಹಾಕ್ಕೊಂಡು ಮಲಗಿರೋರು, ಎಲ್ರಿಗೂ ಸ್ವಾಗತ.

ಸಾಮಾನ್ಯವಾಗಿ ಇಲ್ಲಿ ನಾನು ದುಡ್ಡಿನ ವಿಷಯ ಮಾತಾಡ್ತೀನಿ. ಬಿಕಾಂ ಓದಿದವಳು, ಆಡಿಟರ್ ಆಫೀಸಲ್ಲಿ ಕೆಲಸ ಮಾಡೋಳು, ನಂಗೆ ಗೊತ್ತಿರೋದು ಅದೇ. ಸಾಲ, ಉಳಿತಾಯ, ಸಂಬಳದ ಸ್ಲಿಪ್ಪು. ಇವತ್ತು ಬೇರೆ ಲೆಕ್ಕ. ಇದನ್ನ ಹೇಳ್ಬೇಕಾ ಬೇಡ್ವಾ ಅಂತ ಮೂರು ತಿಂಗಳು ಯೋಚನೆ ಮಾಡಿದೀನಿ. ಎರಡು ಸಲ ರೆಕಾರ್ಡ್ ಮಾಡಿ ಡಿಲೀಟ್ ಮಾಡಿದೀನಿ. ಇದು ಮೂರನೇ ಸಲ.

ನಂಗೆ ಡಯಾಬಿಟಿಸ್ ಇದೆ. ಟೈಪ್ 1. ಆರು ವರ್ಷ ಆಯ್ತು.

ಹೇಳ್ಬಿಟ್ಟೆ. (ನಗು)

ಬಿಕಾಂ ಕೊನೇ ವರ್ಷದ ಪರೀಕ್ಷೆ ಹೊತ್ತಿಗೆ ಶುರುವಾಗಿದ್ದು. ಎಷ್ಟು ನೀರು ಕುಡಿದ್ರೂ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಎದ್ದು ಹೋಗೋದು. ಒಂದೂವರೆ ತಿಂಗಳಲ್ಲಿ 9 ಕೆಜಿ ಇಳಿದೆ. ಮನೆಯಲ್ಲಿ ಪರೀಕ್ಷೆ ಟೆನ್ಷನ್ ಅಂದ್ರು. ಅಜ್ಜಿ ದೃಷ್ಟಿ ತೆಗೆದ್ರು. ಕ್ಲಾಸಿನ ಹುಡುಗೀರು "ಏನೇ ಡಯಟ್ಟು, ನಮಗೂ ಹೇಳ್ಕೊಡು" ಅಂದ್ರು. ಕೊನೆಗೆ ಒಂದಿನ ವಾಂತಿ ಶುರುವಾಗಿ ಪ್ರಜ್ಞೆ ತಪ್ಪಿ ಬಿದ್ದಾಗ ಆಸ್ಪತ್ರೆಯಲ್ಲಿ ನೋಡಿದ್ರೆ ಶುಗರ್ 480. ರಕ್ತದಲ್ಲಿ ಕೀಟೋನ್ ಬೇರೆ.

ಟೈಪ್ 1 ಅಂದ್ರೆ ಸಿಹಿ ಜಾಸ್ತಿ ತಿಂದು ಬರೋದಲ್ಲ. ನಮ್ಮ ದೇಹದ ರಕ್ಷಣಾ ವ್ಯವಸ್ಥೆನೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡೋ ಕೋಶಗಳನ್ನ ಹಾಳು ಮಾಡುತ್ತೆ. ಹಾಗಾಗಿ ಹೊರಗಿಂದ ಇನ್ಸುಲಿನ್ ತಗೊಳ್ಳಲೇಬೇಕು, ದಿನಾ, ಜೀವನಪೂರ್ತಿ. ಅಪ್ಪ ಅಮ್ಮಂದಿರಿಗೆ ಬರೋ ಶುಗರ್ ಸಾಮಾನ್ಯವಾಗಿ ಟೈಪ್ 2. ಅದರಲ್ಲಿ ಇನ್ಸುಲಿನ್ ಇರುತ್ತೆ, ಆದ್ರೆ ದೇಹ ಅದರ ಮಾತು ಸರಿಯಾಗಿ ಕೇಳಲ್ಲ. ಬರ್ತಾ ಬರ್ತಾ ಇನ್ಸುಲಿನ್ ಕೂಡ ಕಡಿಮೆ ಆಗ್ತಾ ಹೋಗುತ್ತೆ.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ದಿನ ನಮ್ಮ ದೊಡ್ಡಮ್ಮ ಮೊದಲು ಹೇಳಿದ ಮಾತು ಇದು: "ಯಾರಿಗೂ ಹೇಳ್ಬೇಡಿ. ಹೆಣ್ಣು ಹುಡುಗಿ, ನಾಳೆ ಮದುವೆ ಆಗ್ಬೇಕು." ಅವರು ಕೆಟ್ಟವರಲ್ಲ. ನನ್ನ ಮೇಲಿನ ಕಾಳಜಿಗೇ ಹೇಳಿದ್ದು. ಆದ್ರೆ ಆವತ್ತಿಂದ ನಾನು ಕಲ್ತಿದ್ದು ಬಚ್ಚಿಡೋದನ್ನ. ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರೋ ಮುಂಚೆ ಬಾತ್‌ರೂಮಿಗೆ ಹೋಗಿ ಇಂಜೆಕ್ಷನ್ ಚುಚ್ಕೊಂಡು ಬರೋದು. ಆಫೀಸಲ್ಲಿ ಕೈ ನಡುಗಿದ್ರೆ "ಬೆಳಗ್ಗೆ ತಿಂಡಿ ತಿಂದಿಲ್ಲ ಸರ್" ಅನ್ನೋದು.

ತಮಾಷೆ ಗೊತ್ತಾ? 2023ರಲ್ಲಿ ಬಂದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಡಯಾಬಿಟಿಸ್ ಇರೋರು ಸುಮಾರು 10.1 ಕೋಟಿ ಜನ. ಇನ್ನೇನು ಬರೋ ಹಂತದಲ್ಲಿ ಇರೋರು 13.6 ಕೋಟಿ. ಇಷ್ಟು ಜನ ಇರೋ ದೇಶದಲ್ಲಿ ನಾನು ಬಾತ್‌ರೂಮಲ್ಲಿ ಬಚ್ಚಿಟ್ಕೊಂಡು ಚುಚ್ಕೋತಿದ್ದೆ.

2020ರ ಲಾಕ್‌ಡೌನಲ್ಲಿ ಟೆಲಿಗ್ರಾಮಲ್ಲಿ ಒಂದು ಗ್ರೂಪ್ ಸಿಕ್ತು. ಆಗ ನಮ್ಮೂರ ಮೆಡಿಕಲ್ ಶಾಪಲ್ಲಿ ನನ್ನ ಇನ್ಸುಲಿನ್ ಸಿಗ್ತಿರಲಿಲ್ಲ, ಎಲ್ಲಿ ಸಿಗುತ್ತೆ ಅಂತ ಹುಡುಕ್ತಾ ಹೋಗಿ ಸೇರ್ಕೊಂಡೆ. ಈಗ ಅದ್ರಲ್ಲಿ ಗಟ್ಟಿಯಾಗಿ ಉಳಿದಿರೋರು ಏಳು ಜನ. ನಾವು ಹೆಸರು ಹಿಡಿದು ಕರೆಯೋದೇ ಇಲ್ಲ, ಊರು ಹಿಡಿದು ಕರೀತೀವಿ. ಬಳ್ಳಾರಿ ಅಕ್ಕ ಇದ್ದಾರೆ, ಅವರ 9 ವರ್ಷದ ಮಗನಿಗೆ ಟೈಪ್ 1. ಉಡುಪಿ ಕಡೆಯ ಒಬ್ಬ ಅಣ್ಣ ಕುವೈತಲ್ಲಿ ಕೆಲಸ ಮಾಡ್ತಾರೆ, ಅವರು ಕುವೈತ್ ಅಣ್ಣ. ಕಲಬುರಗಿ ಟೀಚರ್, ಶಿರಸಿ ಹುಡುಗಿ. ನಾನು ಚಳ್ಳಕೆರೆ. ಇವರಲ್ಲಿ ಐದು ಜನರ ಮುಖ ನಾನು ಇವತ್ತಿಗೂ ಎದುರಿಗೆ ನೋಡಿಲ್ಲ.

ಈಗ ಆ ಹತ್ತು ದಿನದ ಕಥೆಗೆ ಬರ್ತೀನಿ.

ಊರಲ್ಲಿ ನಮ್ಮ ಅಮ್ಮನಿಗೂ ಶುಗರ್ ಇದೆ, ಟೈಪ್ 2, ಹದಿನೈದು ವರ್ಷದಿಂದ. ಈಗ ಕಿಡ್ನಿನೂ ಸ್ವಲ್ಪ ವೀಕ್. ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗೈ ಸರಿಯಾಗಿ ಆಡಲ್ಲ. ಅಪ್ಪನಿಗೆ ಊಟ ಕಲಸಿ ಕೊಡೋದು, ಸ್ನಾನ ಮಾಡಿಸೋದು ಎಲ್ಲ ಅಮ್ಮನೇ. ತಮ್ಮ ಎಣ್ಣೆ ಮಿಲ್‌ನಲ್ಲಿ ಕೆಲಸಕ್ಕೆ ಹೋಗ್ತಾನೆ. ನಾನು ಬೆಂಗಳೂರಲ್ಲಿ ಪಿಜಿ. ಅಮ್ಮ ಬೆಳಗ್ಗೆ 20 ಯೂನಿಟ್, ರಾತ್ರಿ 12 ಯೂನಿಟ್ ಇನ್ಸುಲಿನ್ ತಗೋತಾರೆ, ಬಾಟಲಿಯಿಂದ ಸಿರಿಂಜಲ್ಲಿ ಎಳ್ಕೊಂಡು.

ಕಳೆದ ವರ್ಷ ಒಂದು ವಾರ ಇದ್ದಕ್ಕಿದ್ದಂತೆ ಅಮ್ಮನ ಶುಗರ್ ಏರೋಕೆ ಶುರುವಾಯ್ತು. ಖಾಲಿ ಹೊಟ್ಟೆಯಲ್ಲೇ 260. ಆಮೇಲೆ 310. ಆಮೇಲೆ 350. ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದು ಒಂದೇ: ಅಮ್ಮ ಕದ್ದು ಸಿಹಿ ತಿಂತಿದ್ದಾರೆ. ಪಕ್ಕದ ಮನೆ ಗೃಹಪ್ರವೇಶ ಬೇರೆ ಆಗಿತ್ತಲ್ಲ, ಹೋಳಿಗೆ ಮಾಡಿದ್ರಲ್ಲ. ತಮ್ಮ ಅಡುಗೆಮನೆ ಡಬ್ಬಿಗಳನ್ನೆಲ್ಲ ತೆಗೆದು ನೋಡಿದ. ನಾನು ಫೋನಲ್ಲಿ ಕೂಗಾಡಿದೆ. "ಅಮ್ಮಾ, ನಾನು ಇಲ್ಲಿ ದಿನಾ ನಾಲ್ಕು ಸಲ ಚುಚ್ಕೊಂಡು ಬಾಯಿ ಕಟ್ಟಿ ಬದುಕ್ತಿದೀನಿ. ನಿಂಗೆ ಒಂದು ಹೋಳಿಗೆ ಬಿಡಕ್ಕಾಗಲ್ವಾ?"

ಅಮ್ಮ ಏನೂ ವಾದ ಮಾಡ್ಲಿಲ್ಲ. "ತಿಂದಿಲ್ಲ ಪುಟ್ಟಿ" ಅಂದ್ರು ಅಷ್ಟೇ. ಆಮೇಲೆ ಗೊತ್ತಾಗಿದ್ದು, ಅವತ್ತಿಂದ ಅನ್ನನೇ ಬಿಟ್ಟಿದ್ರು. ಅರ್ಧ ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ಆದ್ರೂ ಶುಗರ್ ಇಳೀತಿಲ್ಲ. ಡಾಕ್ಟರ್ ಹತ್ರ ಫೋನಲ್ಲಿ ಕೇಳಿದ್ರೆ, ಕರ್ಕೊಂಡು ಬನ್ನಿ, ಡೋಸ್ ಹೆಚ್ಚಿಸಬೇಕಾ ನೋಡೋಣ ಅಂದ್ರು.

ಆ ರಾತ್ರಿ ನಾನು ಗ್ರೂಪಲ್ಲಿ ಬರೆದೆ. ಸಲಹೆ ಕೇಳಕ್ಕಲ್ಲ, ಬೈಕೊಳ್ಳಕ್ಕೆ. ಅಮ್ಮ ಹೀಗೆ ಮಾಡ್ತಿದ್ದಾರೆ, ನಂಗೆ ಸಾಕಾಗಿದೆ, ನನ್ನದೇ ನಂಗೆ ನೋಡ್ಕೊಳ್ಳಕ್ಕಾಗ್ತಿಲ್ಲ ಅಂತ ದೊಡ್ಡ ಮೆಸೇಜು.

ಎಲ್ರೂ ಸಮಾಧಾನ ಹೇಳಿದ್ರು. ಬಳ್ಳಾರಿ ಅಕ್ಕ ಮಾತ್ರ ಒಂದೇ ಸಾಲು ಬರೆದ್ರು: "ತಂಗಿ, ಸಿರಿಂಜ್ ಕ್ಯಾಪು ಯಾವ ಬಣ್ಣದ್ದು ಐತಿ? ಫೋಟೋ ಹಾಕು."

ನಂಗೆ ಅರ್ಥ ಆಗ್ಲಿಲ್ಲ. ತಮ್ಮನಿಗೆ ಹೇಳಿ ಫೋಟೋ ತರಿಸಿದೆ. ಕ್ಯಾಪು ಕಿತ್ತಳೆ ಬಣ್ಣದ್ದು.

ಈಗ ಸ್ವಲ್ಪ ಗಮನ ಇಟ್ಟು ಕೇಳಿ. ಮನೆಯಲ್ಲಿ ಯಾರಾದ್ರೂ ಬಾಟಲಿ ಇನ್ಸುಲಿನ್ ತಗೊಳ್ಳೋರಿದ್ರೆ ಇದು ನಿಮಗೇ. ನಮ್ಮ ದೇಶದಲ್ಲಿ ಸಿಗೋ ಬಾಟಲಿ ಇನ್ಸುಲಿನ್ ಹೆಚ್ಚಿನದು 40 ಐಯು. ಅಂದ್ರೆ ಒಂದು ಎಂಎಲ್‌ನಲ್ಲಿ 40 ಯೂನಿಟ್. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಇನ್ನೊಂದು 100 ಐಯು, ಒಂದು ಎಂಎಲ್‌ನಲ್ಲಿ 100 ಯೂನಿಟ್. ಅದಕ್ಕೆ ಕಿತ್ತಳೆ ಕ್ಯಾಪಿನ ಸಿರಿಂಜ್. ಬಾಟಲಿ ಮೇಲೂ ಬರೆದಿರುತ್ತೆ, ಸಿರಿಂಜ್ ಮೇಲೂ ಬರೆದಿರುತ್ತೆ. ಎರಡೂ ಹೊಂದಬೇಕು.

ಅಮ್ಮನ ಬಾಟಲಿ 40. ಮಾಮೂಲಿ ಮೆಡಿಕಲ್ ಶಾಪ್ ಮುಚ್ಚಿದ್ದ ದಿನ ತಮ್ಮ ಬೇರೆ ಕಡೆಯಿಂದ ತಂದ ಸಿರಿಂಜ್ 100ರದ್ದು. ಅಮ್ಮ ಎಂದಿನಂತೆ 20ರ ಗೆರೆವರೆಗೆ ಎಳ್ಕೊಂಡ್ರು. 100ರ ಸಿರಿಂಜಲ್ಲಿ 20ರ ಗೆರೆ ಅಂದ್ರೆ 0.2 ಎಂಎಲ್. 0.2 ಇಂಟು 40, ಎಷ್ಟಾಯ್ತು? 8 ಯೂನಿಟ್. ರಾತ್ರಿ 12ರ ಬದಲು 5 ಯೂನಿಟ್ ಕೂಡ ಇಲ್ಲ. ಹತ್ತು ದಿನ ಅಮ್ಮ ತಗೊಂಡಿದ್ದು ಅರ್ಧಕ್ಕಿಂತ ಕಡಿಮೆ ಔಷಧ. ನಾವು ಹುಡುಕಿದ್ದು ಹೋಳಿಗೆ.

ಇದು ತಿರುಗಾಮುರುಗಾ ಆಗಿದ್ರೆ, ಅಂದ್ರೆ 100ರ ಇನ್ಸುಲಿನ್ನು 40ರ ಸಿರಿಂಜಲ್ಲಿ ಹೋಗಿದ್ರೆ, ಎರಡೂವರೆ ಪಟ್ಟು ಡೋಸ್. ಶುಗರ್ ಕುಸಿದು ಜೀವಕ್ಕೇ ಅಪಾಯ. ನಮ್ಮ ಮನೆಯಲ್ಲೂ ಆ ಅಪಾಯ ಹತ್ತಿರದಲ್ಲೇ ಇತ್ತು. ಸಿರಿಂಜ್ ವಿಷಯ ಗೊತ್ತಾಗದೆ ಡಾಕ್ಟರ್ ಡೋಸ್ ಹೆಚ್ಚಿಸಿ, ಮುಂದಿನ ಸಲ ತಮ್ಮ ಮಾಮೂಲಿ ಕೆಂಪು ಕ್ಯಾಪಿನದ್ದೇ ತಂದಿದ್ರೆ? ಕಿಡ್ನಿ ವೀಕ್ ಇರೋರಲ್ಲಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ ಬೇರೆ. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಆರು ವರ್ಷದಿಂದ ಇನ್ಸುಲಿನ್ ತಗೊಳ್ಳೋ ನಂಗೆ ಇದು ಗೊತ್ತಿರಲಿಲ್ಲ. ನಾನು ಬಳಸೋದು ಪೆನ್, ಸಿರಿಂಜ್ ಮುಟ್ಟೇ ಇಲ್ಲ. ಬಳ್ಳಾರಿ ಅಕ್ಕ ಮಗನಿಗೆ ದಿನಾ ನಾಲ್ಕು ಸಲ ಸಿರಿಂಜ್ ತುಂಬಿ ಕೊಡೋರು. ಅವರ ಮನೆಯಲ್ಲೂ ಒಮ್ಮೆ ಹೀಗೇ ಆಗಿತ್ತಂತೆ. ಅದಕ್ಕೇ ಅವರಿಗೆ ಹೊಳೆದಿದ್ದು.

ಬೆಳಗ್ಗೇನೇ ಡಾಕ್ಟರಿಗೆ ವಿಷಯ ಹೇಳಿದ್ವಿ. ಡೋಸ್ ಹೆಚ್ಚಿಸೋದು ಬೇಡ, ಸಿರಿಂಜ್ ಬದಲಿಸಿ, ಒಂದು ವಾರ ದಿನಾ ಚೆಕ್ ಮಾಡಿ ಬರೆದಿಡಿ ಅಂದ್ರು. ವಾರದೊಳಗೆ ಶುಗರ್ ಹಳೇ ಜಾಗಕ್ಕೆ ಬಂತು.

ಶನಿವಾರ ಬಸ್ ಹತ್ತಿ ಊರಿಗೆ ಹೋದೆ. ಏನು ಹೇಳ್ಬೇಕು ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿದ್ದೆ. ಮನೆಗೆ ಹೋಗಿ "ಅಮ್ಮಾ, ತಪ್ಪಾಯ್ತು" ಅಂದೆ. ಅಮ್ಮ ಅಪ್ಪನಿಗೆ ಮುದ್ದೆ ಮುರಿದು ಕೊಡ್ತಿದ್ರು. ತಲೆ ಎತ್ತದೇ ಹೇಳಿದ್ರು, "ಬಿಡೇ, ಅದಕ್ಕೇನು. ಇವತ್ತು ಎರಡು ತುತ್ತು ಅನ್ನ ತಿನ್ಲಾ?"

(ಕ್ಷಣ ಮೌನ)

ಸಾರಿ. ಮುಂದಕ್ಕೆ ಹೋಗೋಣ.

ಆನ್‌ಲೈನ್ ಗೆಳೆಯರಿಂದ ಏನು ಸಿಗುತ್ತೆ ಅಂತ ನನ್ನ ಫ್ರೆಂಡ್ಸ್ ಕೇಳ್ತಾರೆ. ಇನ್ನೊಂದು ರಾತ್ರಿ ಹೇಳ್ತೀನಿ. ಪಿಜಿ ರೂಮಲ್ಲಿ ಒಬ್ಬಳೇ. ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವೆತು ಎಚ್ಚರ ಆಯ್ತು. ಚೆಕ್ ಮಾಡಿದ್ರೆ 52. ಎಪ್ಪತ್ತಕ್ಕಿಂತ ಕೆಳಗೆ ಬಂದ್ರೆ ತಕ್ಷಣ ಏನಾದ್ರೂ ಮಾಡ್ಬೇಕು. ನಂಗೆ ಗೊತ್ತು, ಆದ್ರೆ ಆ ಹೊತ್ತಲ್ಲಿ ತಲೆ ಓಡಲ್ಲ. ಗ್ರೂಪಿಗೆ ಬರೀ "52" ಅಂತ ಹಾಕಿದೆ. ಇಲ್ಲಿ ಎರಡು ಗಂಟೆ ಅಂದ್ರೆ ಕುವೈತಲ್ಲಿ ಹನ್ನೊಂದೂವರೆ. ಅಣ್ಣ ತಕ್ಷಣ ಕಾಲ್ ಮಾಡಿದ್ರು. "ಮಾರಾಯ್ತಿ, ಮೊದಲು ಸಕ್ಕರೆ ಬಾಯಿಗೆ ಹಾಕು. ಮತ್ತೆ ಮಾತಾಡುವ."

ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದೆ. 15 ನಿಮಿಷ ಕಾಯಬೇಕು, ಮತ್ತೆ ಚೆಕ್ ಮಾಡ್ಬೇಕು, ಏರದಿದ್ರೆ ಮತ್ತೆ ಸಕ್ಕರೆ. ಆ 15 ನಿಮಿಷ ಅವರು ಫೋನ್ ಇಡ್ಲೇ ಇಲ್ಲ. ಬಂಗುಡೆ ಸಾರು ಹೇಗೆ ಮಾಡೋದು ಅಂತ ಹೇಳ್ತಾ ಇದ್ರು, ನಾನು ಶುದ್ಧ ಸಸ್ಯಾಹಾರಿ! (ನಗು) 66. ಮತ್ತೆ ಸಕ್ಕರೆ. 94. ಆಮೇಲೆ ಎರಡು ಬಿಸ್ಕೆಟ್ ತಿಂದು ಮಲಗಿದೆ. ಒಂದು ಮಾತು: ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಉಸಿರಿನ ದಾರಿಗೆ ಹೋಗುತ್ತೆ. ಆಗ 108ಕ್ಕೆ ಫೋನ್ ಮಾಡಿ.

ಮರುದಿನ ಅಣ್ಣ ಕೇಳಿದ್ರು, "ನೀನು ಫೋನ್ ತೆಗೆಯದಿದ್ರೆ ನಾನು ಇಲ್ಲಿಂದ ಎಂತ ಮಾಡುವುದು?" ನಿಜ ಅಲ್ವಾ? ಕುವೈತಿಂದ ಬಂದು ನನ್ನ ಬಾಗಿಲು ಬಡಿಯಕ್ಕಾಗಲ್ಲ. ಅವತ್ತು ಪಿಜಿ ಆಂಟಿಗೆ ಮೊದಲ ಸಲ ಹೇಳಿದೆ, ನಂಗೆ ಶುಗರ್ ಇದೆ ಅಂತ. ಅವರು "ಅಯ್ಯೋ, ನಮ್ಮನೆಯವರಿಗೂ ಇದೆ ಕಣಮ್ಮ" ಅಂದ್ರು. ಅಷ್ಟೇ. ಇಷ್ಟಕ್ಕೆ ನಾನು ಐದು ವರ್ಷ ಹೆದರಿದ್ದು.

ಎಲ್ಲ ಚೆನ್ನಾಗೇ ಇತ್ತು ಅಂತಲ್ಲ. ಒಮ್ಮೆ ಒಬ್ಬ ಹೊಸಬ ಗ್ರೂಪಿಗೆ ಬಂದ. ಏನೋ ಬೇರಿನ ಪುಡಿ, 40 ದಿನ ತಗೊಂಡ್ರೆ ಇನ್ಸುಲಿನ್ ಬಿಡಬಹುದು ಅಂದ. ನಾವು ನಕ್ಕು ಸುಮ್ಮನಾದ್ವಿ. ಆದ್ರೆ ಅವನು ಶಿರಸಿ ಹುಡುಗಿಗೆ ಪ್ರೈವೇಟಾಗಿ ಮೆಸೇಜ್ ಮಾಡ್ತಿದ್ದ. ಅವಳು ನಮಗೆ ಹೇಳದೆ ಇನ್ಸುಲಿನ್ ನಿಲ್ಲಿಸಿದ್ಲು. ಮೂರನೇ ದಿನ ವಾಂತಿ, ಏದುಸಿರು, ಆಮೇಲೆ ಐಸಿಯು. ಬದುಕಿದ್ಲು. ಟೈಪ್ 1 ಇರೋರಿಗೆ ಇನ್ಸುಲಿನ್ ಆಯ್ಕೆ ಅಲ್ಲ, ಊಟ ನೀರಿನ ಹಾಗೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕ್ತಿರಲಿಲ್ಲ.

ನಾವು ನಕ್ಕು ಸುಮ್ಮನಾಗಿದ್ದು ನಮ್ಮ ತಪ್ಪು. ಅವಳಿಗೆ ಆ ಪುಡಿಯ ಮೇಲೆ ಆಸೆ ಇತ್ತು ಅನ್ನೋದನ್ನ ನಾವು ಕೇಳ್ಲೇ ಇಲ್ಲ. ಯಾರಿಗೆ ಇರಲ್ಲ ಹೇಳಿ? ಅದಾದ ಮೇಲೆ ಮೂರು ನಿಯಮ ಮಾಡ್ಕೊಂಡ್ವಿ. ಒಂದು, ಡೋಸ್ ಎಷ್ಟು ಅಂತ ಗ್ರೂಪಲ್ಲಿ ಯಾರೂ ಹೇಳಲ್ಲ, ಅದು ಡಾಕ್ಟರ್ ಕೆಲಸ. ಎರಡು, ಔಷಧ ಬಿಡಬೇಕು ಅನ್ನಿಸಿದ್ರೆ ಬಿಡೋ ಮುಂಚೆ ಗ್ರೂಪಲ್ಲಿ ಹೇಳ್ಬೇಕು, ಯಾರೂ ನಗಬಾರದು, ಬೈಬಾರದು. ಮೂರು, ಪ್ರತಿಯೊಬ್ಬರೂ ತಮ್ಮ ಹತ್ತಿರ ಇರೋ ಒಬ್ಬರ ನಂಬರ್ ಕೊಡಬೇಕು, ಬಾಗಿಲು ಬಡಿಯೋಕೆ.

ಕಾಮರ್ಸ್ ಹುಡುಗಿ ಆಗಿ ದುಡ್ಡಿನ ಎರಡು ಮಾತು ಹೇಳದೆ ಬಿಟ್ರೆ ಆಗಲ್ಲ. ದಿನಕ್ಕೆ ನಾಲ್ಕು ಸ್ಟ್ರಿಪ್ ಅಂದ್ರೆ ತಿಂಗಳಿಗೆ 120. ಒಂದೇ ಮನೆಯಲ್ಲಿ ಮೂರು ಜನ ಔಷಧ ತಗೊಂಡ್ರೆ ಅದು ಬಾಡಿಗೆಯಷ್ಟೇ ದೊಡ್ಡ ಖರ್ಚು. ತಾಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ಚೆಕ್ ಮಾಡಿಸಬಹುದು, ಮಾತ್ರೆನೂ ಉಚಿತವಾಗಿ ಕೊಡ್ತಾರೆ. ಜನೌಷಧಿ ಕೇಂದ್ರಗಳಲ್ಲಿ ಜೆನೆರಿಕ್ ಔಷಧ ಕಡಿಮೆ ಬೆಲೆಗೆ ಸಿಗುತ್ತೆ. ಅಪ್ಪನ ಬಿಪಿ ಮಾತ್ರೆ ನಾವು ಅಲ್ಲೇ ತಗೊಳ್ಳೋದು, ಡಾಕ್ಟರನ್ನ ಕೇಳಿಯೇ. ಮನಸ್ಸಿಗೆ ತೀರಾ ಭಾರ ಅನ್ನಿಸಿದ್ರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೂ ಮಾತಾಡ್ತಾರೆ, ಯಾವ ಹೊತ್ತಲ್ಲಿ ಬೇಕಾದ್ರೂ ಮಾಡಬಹುದು.

ಇವತ್ತು ಎರಡು ಕೆಲಸ ಕೊಡ್ತೀನಿ. ಮನೆಯಲ್ಲಿ ಇನ್ಸುಲಿನ್ ತಗೊಳ್ಳೋರಿದ್ರೆ ಈಗಲೇ ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಪಕ್ಕದಲ್ಲಿಟ್ಟು ಸಂಖ್ಯೆ ಓದಿ. ದೂರದಲ್ಲಿದ್ರೆ ವಿಡಿಯೋ ಕಾಲ್ ಮಾಡಿ ತೋರಿಸು ಅನ್ನಿ. ಇನ್ನೊಂದು, ನೀವೇ ಬಚ್ಚಿಟ್ಕೊಂಡಿದ್ರೆ ಒಬ್ಬರಿಗೆ ಹೇಳಿ. ಫೋನಲ್ಲಿ ಇರೋ ಒಬ್ಬರಿಗೆ, ಬಾಗಿಲು ಬಡಿಯೋಷ್ಟು ಹತ್ತಿರ ಇರೋ ಒಬ್ಬರಿಗೆ.

ದೊಡ್ಡಮ್ಮ ಈ ಎಪಿಸೋಡ್ ಕೇಳ್ತಾರೆ, ನಂಗೊತ್ತು. ದೊಡ್ಡಮ್ಮಾ, ಮದುವೆ ವಿಷಯ ಆಮೇಲೆ ಮಾತಾಡೋಣ. ಬರೋ ಹುಡುಗನಿಗೆ ಮೊದಲು ಈ ಎಪಿಸೋಡ್ ಕಳಿಸಿ, ಪೂರ್ತಿ ಕೇಳಿದ್ರೆ ಮುಂದಿನ ಮಾತು. (ನಗು)

ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ವಾಪಸ್. ಊಟ ಆಯ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬರ್ತೀನಿ.