ಕಚೇರಿಯ ಕಂಪ್ಯೂಟರುಗಳಿಗೆ ಒಂದೇ ಪಟ್ಟಿ

ನಿಮ್ಮ ಕಚೇರಿಯ ಸಂಬಳದ ಲೆಕ್ಕ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಹಳೆಯ ಬ್ರೌಸರಿನಲ್ಲಿ ಮಾತ್ರ ತೆರೆಯುವಂಥದು ಎನ್ನಿ. ವಿಂಡೋಸ್ 10ರ ಬಹುಪಾಲು ಆವೃತ್ತಿಗಳಲ್ಲಿ ಅದಕ್ಕೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಬೆಂಬಲ ನಿಲ್ಲಿಸಿತು. ಹಾಗಾದರೆ ಸಂಬಳದ ಬಟವಾಡೆ ನಿಲ್ಲಬೇಕೆ? ಬೇಕಿಲ್ಲ. ಹೊಸ ಬ್ರೌಸರಾದ ಎಡ್ಜ್‌ನೊಳಗೇ ಹಳೆಯ ರೀತಿಯಲ್ಲಿ ಪುಟ ತೆರೆಯುವ ಏರ್ಪಾಡು ಉಂಟು. ಹಾಗೆ ತೆರೆಯಬೇಕಾದ ತಾಣಗಳ ಪಟ್ಟಿಯೊಂದನ್ನು ಬರೆದಿಟ್ಟು, ಅದು ಇರುವ ಜಾಗವನ್ನು ಗ್ರೂಪ್ ಪಾಲಿಸಿಯ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ತಿಳಿಸಿದರೆ ಸಾಕು. ಮೇಜಿನಿಂದ ಮೇಜಿಗೆ ಅಲೆಯುವ ಶ್ರಮವಿಲ್ಲ. ಪಟ್ಟಿಯಲ್ಲಿ ಅಗತ್ಯವಾದ ತಾಣಗಳಷ್ಟೇ ಇರಲಿ. ಒಂದು ತಾಣದ ಸಲುವಾಗಿ ಎಲ್ಲದಕ್ಕೂ ಭದ್ರತೆಯನ್ನು ಸಡಿಲಿಸಬೇಡಿ. ಈ ಏರ್ಪಾಡು ಕನಿಷ್ಠ 2029ರವರೆಗೆ ಇರುವುದೆಂದು ಮೈಕ್ರೋಸಾಫ್ಟ್ ಹೇಳಿದೆ. ಇದನ್ನು ವಾಯಿದೆಯೆಂದೇ ತಿಳಿದು, ಅಷ್ಟರೊಳಗೆ ಹಳೆಯ ತಂತ್ರಾಂಶವನ್ನೇ ಹೊಸದು ಮಾಡಿಸಿಕೊಳ್ಳುವುದು ಮೇಲು.