ದಿನಕ್ಕೊಂದು ಪಾಠ, ದಿನಕ್ಕೊಬ್ಬ ಸಂತ



ಕಥೋಲಿಕ ಕ್ರೈಸ್ತರ ನಿತ್ಯದ ಭಕ್ತಿಯ ಬಗ್ಗೆ ಪಟ್ಟನಾಯಕನಹಳ್ಳಿಯಲ್ಲಿ ಮಾತಾಡುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಇದು ಗುರುಗುಂಡ ಬ್ರಹ್ಮೇಶ್ವರರ ಮಠದ ಊರು. ಇದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಶಿರಾದಲ್ಲಿ ಮಲಿಕ್ ರಿಹಾನ್ ದರ್ಗಾ ಇದೆ. ನನಗೆ ಮಾತ್ರ ಇದು ಅನುಕೂಲವೇ. ಸತ್ತು ಶತಮಾನಗಳಾದ ಒಬ್ಬ ಮನುಷ್ಯನ ಕಥೆಯನ್ನು ಮತ್ತೆ ಮತ್ತೆ ಕೇಳುವುದರಲ್ಲಿ ಏನು ಸಿಗುತ್ತದೆ ಎಂದು ಗಣೆ ಊದಿಕೊಂಡು ರಾತ್ರಿಯಿಡೀ ಜುಂಜಪ್ಪನನ್ನು ಹಾಡುವವರ ಸೀಮೆಯಲ್ಲಿ ವಿವರಿಸುವ ಕಷ್ಟ ನನಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಥೋಲಿಕರ ಮನೆಗೆ ಹೋದರೆ ಗೋಡೆಯ ಕ್ಯಾಲೆಂಡರನ್ನು ಹತ್ತಿರದಿಂದ ನೋಡಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಎಲ್ಲ ನಿಮ್ಮ ಮನೆಯಲ್ಲಿರುವ ಹಾಗೇ ಇರುತ್ತವೆ. ಜೊತೆಗೆ ಪ್ರತಿ ತಾರೀಖಿನ ಕೆಳಗೆ ಸಣ್ಣಕ್ಷರದಲ್ಲಿ ಒಬ್ಬ ಸಂತನ ಹೆಸರೂ ಒಂದಷ್ಟು ಅಂಕಿಗಳೂ ಇರುತ್ತವೆ. ಉದಾಹರಣೆಗೆ ಜುಲೈ 29, ಮಾರ್ತಳ ದಿನ. ಅದರ ಪಕ್ಕ ಲೂಕ 10:38-42 ಎಂದಿರಬಹುದು. ಅಂದರೆ ಲೂಕ ಬರೆದ ಶುಭಸಂದೇಶದ ಹತ್ತನೆಯ ಅಧ್ಯಾಯದ ಐದು ವಾಕ್ಯ. ಅಲ್ಲಿರುವ ಕಥೆ ಇಷ್ಟೇ: ಮನೆಗೆ ಯೇಸುಸ್ವಾಮಿ ಬಂದಿದ್ದಾರೆ. ಅಕ್ಕ ಮಾರ್ತಾ ಅಡಿಗೆಯ ಗಡಿಬಿಡಿಯಲ್ಲಿದ್ದಾಳೆ, ತಂಗಿ ಮರಿಯಾ ಅವರ ಕಾಲ ಬಳಿ ಕೂತು ಮಾತು ಕೇಳುತ್ತಿದ್ದಾಳೆ. ಇವಳಿಗೆ ನನ್ನ ಕೈಗೆ ಆಸರೆಯಾಗಲು ಹೇಳಬಾರದೇ ಎಂದು ಮಾರ್ತಾ ದೂರು ಕೊಡುತ್ತಾಳೆ. ತೀರ್ಪು ತಂಗಿಯ ಪರ ಆಗುತ್ತದೆ. ಈ ಕಥೆ ಕೇಳಿದ ಹೆಂಗಸರಲ್ಲಿ ಮಾರ್ತಳ ಪಕ್ಷ ವಹಿಸದವರನ್ನು ನಾನು ಕಂಡಿಲ್ಲ. ಸಂತಳೆಂದು ಕ್ಯಾಲೆಂಡರಿನಲ್ಲಿ ಮೊದಲಿಂದ ಹೆಸರು ಇದ್ದದ್ದೂ ದೂರು ಕೊಟ್ಟ ಅವಳದ್ದೇ. ತಂಗಿ ಮರಿಯಾ, ತಮ್ಮ ಲಾಜರ ಆ ದಿನಕ್ಕೆ ಸೇರಿಕೊಂಡದ್ದು 2021ರಲ್ಲಿ.

ಈ ಅಂಕಿಗಳನ್ನು ಊರಿನ ಗುರುಗಳು ತಮಗೆ ತೋಚಿದಂತೆ ಬರೆದದ್ದಲ್ಲ. ರೋಮಿನಲ್ಲಿ, ಮೈಸೂರಿನಲ್ಲಿ, ಕನಕಪುರದ ಹಾರೋಬೆಲೆಯಲ್ಲಿ ಅಂದಿನ ಪೂಜೆಯಲ್ಲಿ ಓದುವ ಪಾಠ ಬಹುಮಟ್ಟಿಗೆ ಒಂದೇ. ಮೊದಲು ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಜನರಿಗೆ ಅರ್ಥವಾಗದು, ಅವರ ಪಾಡಿಗೆ ಅವರು ಜಪಸರ ಎಣಿಸುತ್ತಾ ಕೂರುತ್ತಿದ್ದರು. ಭಾನುವಾರದ ಪಾಠಗಳೂ ವರ್ಷವರ್ಷ ಅವೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯ ಬಗ್ಗೆ ನಿರ್ಣಯ ಮಾಡಿ, ಜನರ ನುಡಿಗೂ ಧರ್ಮಗ್ರಂಥದ ಹೆಚ್ಚಿನ ಭಾಗಕ್ಕೂ ಬಾಗಿಲು ತೆರೆಯಿತು. 1969ರಲ್ಲಿ ಹೊಸ ಪಾಠಕ್ರಮ ಬಂತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ ಬರೆದ ಶುಭಸಂದೇಶ, ಮರುವರ್ಷ ಮಾರ್ಕನದು, ಆಮೇಲೆ ಲೂಕನದು. ಯೊವಾನ್ನ ನಡುನಡುವೆ ಬರುತ್ತಾನೆ. ವಾರದ ದಿನಗಳ ಮೊದಲ ಪಾಠಕ್ಕೆ ಎರಡು ವರ್ಷದ ಸುತ್ತು. ಕನ್ನಡ ಕಥೋಲಿಕರು ಇವತ್ತು ಮನೆಯಲ್ಲಿ ಶ್ರೀಗ್ರಂಥ ತೆರೆದು ಅಂದಿನ ಪಾಠ ಓದುತ್ತಾರಲ್ಲ, ಆ ರೂಢಿ ಹರಡಿದ್ದು ಇದಾದ ಮೇಲೆ. ತುಂಬ ಹಳೆಯದೆಂದು ನಾವು ಭಾವಿಸುವ ಎಷ್ಟೋ ಆಚಾರಗಳ ವಯಸ್ಸು ಹೀಗೆ ನಮ್ಮ ವಯಸ್ಸಿನಷ್ಟೇ ಇರುತ್ತದೆ.

ನನ್ನ ಮಟ್ಟಿಗೆ ಈ ಪದ್ಧತಿಯ ಜೀವಾಳ ಇರುವುದು ಒಂದು ನಿರ್ಬಂಧದಲ್ಲಿ. ಇವತ್ತು ಏನು ಓದಬೇಕೆಂಬ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಮಗಳ ಮದುವೆ ಇಟ್ಟುಕೊಂಡ ವಾರ ಪಾಠ ಬಂದದ್ದು ಯೋಬನ ಗೋಳು ಇರಬಹುದು. ಮನೆಯಲ್ಲಿ ಸಾವಾಗಿದೆ, ಅಂದಿನ ಶುಭಸಂದೇಶ ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಕಥೆ ಇರಬಹುದು. ಹೊಂದುವುದಿಲ್ಲ ಎಂದು ಪುಟ ತಿರುವುವ ಹಾಗಿಲ್ಲ. ಬೆಳಗಾದರೆ ಮೊಬೈಲಿಗೆ ಗುಲಾಬಿ ಹೂವಿನ ಚಿತ್ರದ ಜೊತೆ ಒಂದು ಸಿಹಿ ವಾಕ್ಯ ಬರುತ್ತದೆ, ಎಲ್ಲ ಧರ್ಮದವರಿಗೂ ಬರುತ್ತದೆ. ಅದನ್ನು ಆರಿಸಿದವರು ನಿಮಗೆ ಏನು ಹಿತವಾಗುತ್ತದೆಂದು ಮೊದಲೇ ಲೆಕ್ಕ ಹಾಕಿರುತ್ತಾರೆ. ಕ್ಯಾಲೆಂಡರಿಗೆ ಆ ದಾಕ್ಷಿಣ್ಯ ಇಲ್ಲ.

ಯೋಬನ ಹೆಸರು ಬಂತು. ಇಲ್ಲಿ ಕುರಿ ಸಾಕುವವರು ಬೇಕಾದಷ್ಟು ಮಂದಿ ಇದ್ದೀರಿ, ಆದ್ದರಿಂದ ಅವನ ಆಸ್ತಿ ಹೇಳುತ್ತೇನೆ. ಏಳು ಸಾವಿರ ಕುರಿ, ಮೂರು ಸಾವಿರ ಒಂಟೆ, ಐನೂರು ಜೊತೆ ಎತ್ತು, ಐನೂರು ಹೆಣ್ಣುಕತ್ತೆ. ಒಂದೇ ದಿನ ಆಳುಗಳು ಒಬ್ಬರ ಹಿಂದೊಬ್ಬರು ಓಡಿ ಬರುತ್ತಾರೆ. ಉಳುತ್ತಿದ್ದ ಎತ್ತುಗಳನ್ನು ದಾಳಿಕೋರರು ಹೊಡೆದುಕೊಂಡು ಹೋದರೆಂದು ಒಬ್ಬ. ಅವನ ಮಾತು ಮುಗಿಯುವ ಮೊದಲೇ, ಕುರಿಗಳನ್ನೆಲ್ಲ ಆಕಾಶದ ಬೆಂಕಿ ಸುಟ್ಟಿತೆಂದು ಇನ್ನೊಬ್ಬ. ಒಂಟೆಗಳು ಹೋದವೆಂದು ಮತ್ತೊಬ್ಬ. ಕೊನೆಯವನು ತಂದ ಸುದ್ದಿ ಮಕ್ಕಳದ್ದು: ಬಿರುಗಾಳಿಗೆ ಮನೆ ಕುಸಿದು ಒಬ್ಬರೂ ಉಳಿಯಲಿಲ್ಲ. ಆಮೇಲೆ ಅಧ್ಯಾಯಗಟ್ಟಲೆ ಯೋಬ ದೇವರ ಜೊತೆ ಜಗಳವಾಡುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು, ನೀನು ಏನೋ ತಪ್ಪು ಮಾಡಿರಬೇಕು ಎಂದೇ ವಾದಿಸುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ! ಜಗಳವಾಡಿದವನ ಮೇಲಲ್ಲ.

ಈ ಕಥೆಯನ್ನು ಹದಿನೆಂಟನೆಯ ಶತಮಾನದಲ್ಲಿ ತಿರುವಾಂಕೂರಿನ ಒಬ್ಬ ಅರಮನೆಯ ಅಧಿಕಾರಿ ಕೇಳಿದ. ಹೆಸರು ನೀಲಕಂಠ ಪಿಳ್ಳೆ. ಅವನಿಗೂ ದನಕರು ಸತ್ತು, ಬೆಳೆ ಹಾಳಾಗಿ ನಷ್ಟದ ಮೇಲೆ ನಷ್ಟ. ಕಥೆ ಹೇಳಿದವನು ಯುಸ್ಟಾಷಿಯಸ್ ಡಿ ಲನ್ನಾಯ್, 1741ರ ಕೊಳಚಲ್ ಯುದ್ಧದಲ್ಲಿ ಸೆರೆ ಸಿಕ್ಕಿ ಮುಂದೆ ಅಲ್ಲಿನ ರಾಜ ಮಾರ್ತಾಂಡವರ್ಮನ ಸೈನ್ಯವನ್ನೇ ಪಳಗಿಸಿದ ಡಚ್ ಕಂಪನಿಯ ಅಧಿಕಾರಿ. ಪಿಳ್ಳೆ 1745ರಲ್ಲಿ ವಡಕ್ಕನ್‌ಕುಳಂ ಊರಿನಲ್ಲಿ ಜ್ಞಾನಸ್ನಾನ ಪಡೆದು ದೇವಸಹಾಯಂ ಆದ. ಆಮೇಲೆ ಸೆರೆ, ಚಿತ್ರಹಿಂಸೆ, ಎಮ್ಮೆಯ ಮೇಲೆ ಕೂರಿಸಿ ಊರೂರು ಮೆರವಣಿಗೆ. 1752ರ ಜನವರಿ 14ರಂದು ಗುಂಡಿಕ್ಕಿ ಕೊಂದರು. 2022ರ ಮೇ 15ರಂದು ರೋಮಿನಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಗುರುವೂ ಅಲ್ಲದ ಸನ್ಯಾಸಿಯೂ ಅಲ್ಲದ, ಹೆಂಡತಿಯೊಡನೆ ಸಂಸಾರ ಮಾಡಿದ ಭಾರತೀಯನೊಬ್ಬ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ನಮ್ಮ ಸಂಕ್ರಾಂತಿಯ ಹೊತ್ತಿಗೇ ಅವನ ಹಬ್ಬ ಬೀಳುತ್ತದೆ. ಯೋಬನಿಗಾದರೆ ಕಳೆದುಕೊಂಡದ್ದೆಲ್ಲ ಇಮ್ಮಡಿಯಾಗಿ ವಾಪಸು ಬಂತು. ದೇವಸಹಾಯನಿಗೆ ಬರಲಿಲ್ಲ. ಪಾಠವನ್ನೂ ಸಂತನನ್ನೂ ಜೊತೆಗಿಟ್ಟು ಓದುವುದು ಏಕೆ ಎಂಬುದಕ್ಕೆ ಈ ವ್ಯತ್ಯಾಸವೇ ಉತ್ತರ ಎಂದು ನನಗನ್ನಿಸುತ್ತದೆ. ಗ್ರಂಥದಲ್ಲಿ ಮಂಗಳವಾಗಿ ಮುಗಿದದ್ದು ಬದುಕಿನಲ್ಲಿ ಹಾಗೆ ಮುಗಿಯದೆ ಹೋದಾಗ ಮನುಷ್ಯ ಏನು ಮಾಡುತ್ತಾನೆಂದು ಸಂತನ ಚರಿತ್ರೆಯೇ ಹೇಳಬೇಕು.

ಹೀಗೆ ಕಿವಿಗೆ ಬಿದ್ದ ಒಂದು ಪಾಠದಿಂದ ದಿಕ್ಕು ಬದಲಾದವರ ಸರಣಿಯೇ ಇದೆ. ಮೂರನೆಯ ಶತಮಾನದ ಈಜಿಪ್ಟಿನಲ್ಲಿ ಅಂತೋಣಿ ಎಂಬ ಅನುಕೂಲಸ್ಥ ಯುವಕ ಗುಡಿಗೆ ಹೋದಾಗ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಅರ್ಥದ ಪಾಠ ನಡೆದಿತ್ತು. ಎಲ್ಲರೂ ಕೇಳಿ ಮನೆಗೆ ಹೋದರು, ಇವನು ಹೊಲ ಮಾರಿಬಿಟ್ಟ. ಅವನ ಚರಿತ್ರೆಯನ್ನು ಅಥನಾಸಿಯುಸ್ ಬರೆದ. ಆ ಚರಿತ್ರೆಯ ಸುದ್ದಿ ಕೇಳಿ 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಗುಸ್ತೀನ ತಳಮಳಿಸಿ ಹೋಗಿ, ಪೌಲನ ಪತ್ರ ತೆರೆದ. ಲೊಯೋಲಾದ ಇನ್ನಾಸನ ಕಥೆ ಇನ್ನೂ ಚೆನ್ನಾಗಿದೆ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಗುಂಡು ತಗುಲಿ ಕಾಲು ಮುರಿದು ಹಾಸಿಗೆ ಹಿಡಿದ ಈ ಸೈನಿಕ, ಹೊತ್ತು ಹೋಗದೆ ಓದಲು ವೀರರ ಪ್ರೇಮಕಥೆಗಳನ್ನು ಕೇಳಿದ. ಮನೆಯಲ್ಲಿ ಅವು ಇರಲಿಲ್ಲ. ಸಿಕ್ಕದ್ದು ಎರಡು ಪುಸ್ತಕ, ಯೇಸುವಿನ ಜೀವನ ಒಂದು, ಸಂತರ ಕಥೆಗಳು ಒಂದು. ಕಾದಂಬರಿ ಸಿಗದ್ದಕ್ಕೆ ಒಂದು ಸನ್ಯಾಸಿ ಸಂಘ, ಜೆಸ್ವಿಟರ ಸಂಘ, ಹುಟ್ಟಿತು.

ಆ ಸಂಘದವನೇ, ಇಟಲಿಯ ಲಿಯೊನಾರ್ಡೊ ಸಿನ್ನಾಮಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದದ್ದು. 1649ರ ಹೊತ್ತು. ಸನ್ಯಾಸಿಯ ಉಡುಗೆ ತೊಟ್ಟ, ಕನ್ನಡ ಕಲಿತ. ಧರ್ಮೋಪದೇಶದ ಪುಸ್ತಕದ ಜೊತೆಗೆ ಸಂತರ ಚರಿತ್ರೆಗಳನ್ನೂ ಕನ್ನಡದಲ್ಲಿ ಬರೆದನೆಂದು ಜೆಸ್ವಿಟರ ದಾಖಲೆಗಳು ಹೇಳುತ್ತವೆ. ಕಾಲು ಮುರಿದವನಿಗೆ ಸಿಕ್ಕಿದ ಪುಸ್ತಕದಂಥದೇ ಒಂದು, ನೂರಕ್ಕೂ ಹೆಚ್ಚು ವರ್ಷದ ಮೇಲೆ ಕಾವೇರಿಯ ದಡಕ್ಕೆ ಬಂತು.

ಕನ್ನಡಕ್ಕೆ ಇದು ಹೊಸ ಮಾದರಿಯೇನಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಪ್ರತಿಯೊಂದೂ ಒಂದು ಪ್ರಾಕೃತ ಗಾಹೆಯಿಂದ ಶುರುವಾಗುತ್ತದೆ. ಮೊದಲು ಶಾಸ್ತ್ರದ ಒಂದು ತುಣುಕು, ಹಿಂದೆಯೇ ಅದನ್ನು ಮೈಮೇಲೆ ತಂದುಕೊಂಡವನ ಕಥೆ. ಸುಕುಮಾರಸ್ವಾಮಿಯನ್ನು ನರಿ ತಿನ್ನುತ್ತಿದ್ದರೂ ಅವನು ಕದಲುವುದಿಲ್ಲ. ಹರಿಹರನ ರಗಳೆಗಳ ಶರಣರೂ ಇದೇ ಪೈಕಿ. ಜೈನ ಮುನಿ, ಶಿವಶರಣ, ಕ್ರೈಸ್ತ ಸಂತ ಎಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ, ಅವರು ನಂಬಿದ್ದು ಬೇರೆ ಬೇರೆ. ಕೇಳುವವರು ಕೂರುವ ಭಂಗಿ ಒಂದೇ, ಅಷ್ಟೇ.

ಓದು ಬಾರದವರ ಗತಿಯೇನು ಎಂದು ಕೇಳಬಹುದು. ಜಪಸರ ಇರುವುದೇ ಅದಕ್ಕೆ. ಮಠದ ಸನ್ಯಾಸಿಗಳು ನೂರೈವತ್ತು ಕೀರ್ತನೆ ಹೇಳುತ್ತಿದ್ದರು. ಅಕ್ಷರ ಬಾರದ ಜನ ಅದರ ಬದಲು ನೂರೈವತ್ತು ನಮೋ ಮರಿಯಾ ಹೇಳಿದರು. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ ಅದರಲ್ಲಿ ಮೂರನೆಯ ಒಂದು ಪಾಲು, ಹತ್ತು ಹತ್ತರ ಐದು ಸುತ್ತು, ಹೇಳುತ್ತಾರೆ. ಸುತ್ತಿಗೊಂದು ಘಟನೆಯನ್ನು ನೆನೆಯಬೇಕು. ಸೋಮವಾರ ಯೇಸುವಿನ ಹುಟ್ಟಿನ ಸಂತೋಷಗಳು, ಮಂಗಳವಾರ ಶುಕ್ರವಾರ ಶಿಲುಬೆಯ ದುಃಖಗಳು, ಬುಧವಾರ ಪುನರುತ್ಥಾನದ ಮಹಿಮೆ. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೆಯ ಜಾನ್ ಪಾಲ್ ಸೇರಿಸಿದ್ದು 2002ರಲ್ಲಿ. ಅಜ್ಜಿಗೆ ಬಾಯಿಪಾಠ, ಮೊಮ್ಮಗನಿಗೆ ಆಕಳಿಕೆ. ಅವನ ಕಿವಿಯಲ್ಲಿ ಹಾಗೆಯೇ ಇಡೀ ಶುಭಸಂದೇಶದ ಎಲುಬುಗೂಡು ಇಳಿದಿರುತ್ತದೆ.

ಈಗ ಸಂತರ ಕಡೆಯ ತೊಡಕು. ನಮ್ಮ ಕಡೆ ಮಾರುವ ಸಂತಚರಿತ್ರೆಯ ಕಿರುಹೊತ್ತಿಗೆಗಳಲ್ಲಿ ಪವಾಡ ವಿಪರೀತ. ಎರಡನೆಯ ಪುಟಕ್ಕೇ ಸಂತ ಹಸುಗೂಸಾಗಿದ್ದಾಗಲೇ ಉಪವಾಸ ಮಾಡುತ್ತಾನೆ. ಇಂಥವುಗಳಿಂದ ಭಕ್ತಿಗೆ ಆಗುವ ನಷ್ಟವೇ ಹೆಚ್ಚು, ನನ್ನ ಅಭಿಪ್ರಾಯ. ಮೈಸೂರಿನ ಫಿಲೋಮಿನಾ ಚರ್ಚನ್ನು ನೀವೆಲ್ಲ ನೋಡಿದ್ದೀರಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದರು. ನೆಲಮಾಳಿಗೆಗೆ ಇಳಿದರೆ ಮಲಗಿದ ಹುಡುಗಿಯ ಮೂರ್ತಿ ಇದೆ. ಆ ಹುಡುಗಿ ಯಾರು? 1802ರಲ್ಲಿ ರೋಮಿನ ಪ್ರಿಸ್ಸಿಲ್ಲಾ ನೆಲಗೋರಿಗಳಲ್ಲಿ ಒಂದು ಗೋರಿ ಸಿಕ್ಕಿತು. ಮುಚ್ಚಿದ್ದ ಮೂರು ಹೆಂಚಿನ ಮೇಲೆ ಕೆಂಪಕ್ಷರ, ಲಂಗರು, ಬಾಣಗಳ ಗುರುತು. ಹೆಂಚುಗಳ ಕ್ರಮ ಕೂಡ ಅದಲುಬದಲಾಗಿತ್ತು, ಜೋಡಿಸಿ ಓದಿದರೆ ಫಿಲೋಮಿನಾ ಎಂಬ ಹೆಸರು. ಒಳಗೆ ಎಳೆಯ ಹುಡುಗಿಯ ಮೂಳೆ. ಇಷ್ಟೇ ಸಾಕ್ಷಿ. ಗ್ರೀಕ್ ರಾಜಕುಮಾರಿ, ಚಕ್ರವರ್ತಿಯನ್ನು ಮದುವೆಯಾಗಲೊಲ್ಲದೆ ಸತ್ತಳು ಎಂಬ ಕಥೆಯೆಲ್ಲ ಮೂವತ್ತು ವರ್ಷದ ಮೇಲೆ ನೇಪಲ್ಸಿನ ಸನ್ಯಾಸಿನಿಯೊಬ್ಬಳಿಗೆ ದರ್ಶನದಲ್ಲಿ ಕಂಡದ್ದು. 1961ರಲ್ಲಿ ರೋಮ್ ಅವಳ ಹೆಸರನ್ನು ಪೂಜಾ ಪಂಚಾಂಗಗಳಿಂದ ತೆಗೆಯಿತು. ಮೈಸೂರಿನಲ್ಲಿ ಮೊಂಬತ್ತಿ ಹಚ್ಚುವವರು ಇದರಿಂದ ಕಡಿಮೆಯಾಗಲಿಲ್ಲ. ರೋಮ್ ಮಾಡಿದ್ದೂ ಸರಿ, ಮೊಂಬತ್ತಿಯವರದ್ದೂ ತಪ್ಪಲ್ಲ ಎಂದರೆ ನುಣುಚಿಕೊಂಡ ಹಾಗಾಗುತ್ತದೆ. ಹಾಗಾಗಿ ಹೇಳಿಬಿಡುತ್ತೇನೆ: ಯಾರೆಂದು ಗೊತ್ತಿಲ್ಲದ ಒಬ್ಬ ಹುಡುಗಿಯ ಮುಂದೆ ದೀಪ ಹಚ್ಚುವುದು ಒಳ್ಳೆಯದೇ, ಅವಳಿಗೆ ಸುಳ್ಳು ಚರಿತ್ರೆ ಕಟ್ಟುವುದು ಬೇಡವಾಗಿತ್ತು.

ಕೊನೆಗೆ ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಗೆ ಬರೋಣ. ಉಳುವಾಗ ರೈತನ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತೆಂಬುದು ಅಲ್ಲಿನ ಐತಿಹ್ಯ. ಸಂತ ಅಂತೋಣಿಯ ಗುಡಿ, 2019ರಲ್ಲಿ ಬಸಿಲಿಕಾ ಪಟ್ಟ ಸಿಕ್ಕಿದೆ. ಇವನು ಈಜಿಪ್ಟಿನ ಅಂತೋಣಿಯಲ್ಲ, ಲಿಸ್ಬನ್ನಿನಲ್ಲಿ ಹುಟ್ಟಿ 1231ರಲ್ಲಿ ಪಾದುವಾದಲ್ಲಿ ತೀರಿಕೊಂಡವನು. ಸಂತರ ಹಬ್ಬ ಸಾಮಾನ್ಯವಾಗಿ ಸತ್ತ ದಿನ, ಅದನ್ನೇ ಪರಲೋಕದ ಹುಟ್ಟುಹಬ್ಬ ಎನ್ನುತ್ತಾರೆ. ಹೀಗಾಗಿ ಜೂನ್ 13ಕ್ಕೆ ಜಾತ್ರೆ, ಎಲ್ಲ ಜಾತಿಮತದ ಜನ. ಮಕ್ಕಳಾಗಲೆಂದು ಹರಕೆ, ಕಳೆದ ಒಡವೆ, ಕಳೆದ ದನ ಸಿಗಲೆಂದು ಹರಕೆ. ಅವನು ಧರ್ಮಗ್ರಂಥದ ಮೇಷ್ಟ್ರಾಗಿದ್ದ, ಸಂತ ಫ್ರಾನ್ಸಿಸನ ಅನುಯಾಯಿಗಳಿಗೆ ಗ್ರಂಥ ಕಲಿಸಿದ ಮೊದಲಿಗ ಎಂಬುದು ಆ ಜಾತ್ರೆಯಲ್ಲಿ ಯಾರ ತಲೆಯಲ್ಲೂ ಇರುವುದಿಲ್ಲ. ಕಳೆದದ್ದನ್ನು ಹುಡುಕಿಕೊಡುವವನೆಂಬ ಖ್ಯಾತಿ ಅವನಿಗೆ ಬಂದದ್ದಕ್ಕೂ ಒಂದು ಐತಿಹ್ಯ ಇದೆ. ಮಠ ಬಿಟ್ಟು ಓಡಿಹೋದ ಎಳೆಯ ಸನ್ಯಾಸಿಯೊಬ್ಬ ಅಂತೋಣಿಯ ವಸ್ತುವೊಂದನ್ನು ಕದ್ದೊಯ್ದ. ಅಂತೋಣಿ ಪ್ರಾರ್ಥಿಸಿದ, ಹುಡುಗ ಹೆದರಿ ವಾಪಸು ತಂದುಕೊಟ್ಟ. ಕದ್ದದ್ದು ಒಡವೆಯಲ್ಲ, ಪಾಠ ಮಾಡಲು ಅಂತೋಣಿ ಅಂಚಿನಲ್ಲೆಲ್ಲ ಟಿಪ್ಪಣಿ ಬರೆದುಕೊಂಡಿದ್ದ ಕೀರ್ತನೆಗಳ ಪುಸ್ತಕ. ಅಚ್ಚು ಬರುವ ಮುಂಚಿನ ಕಾಲ. ಅಂಥದೊಂದನ್ನು ಕೈಯಿಂದ ನಕಲು ಮಾಡಲು ತಿಂಗಳುಗಟ್ಟಲೆ ಬೇಕಿತ್ತು.

ಪ್ರಶ್ನೆಗಳಿದ್ದರೆ ಕೇಳಿ, ಇನ್ನೂ ಹೊತ್ತಿದೆ.