ಕಾರು ಮಾರಿದೆ, ಅಮ್ಮ ಬಿದ್ದಳು

ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿರೋರಿಗೆ, ಮೆಟ್ರೋದಲ್ಲಿ ಸೀಟು ಸಿಕ್ಕಿರೋ ಪುಣ್ಯವಂತರಿಗೆ, ಸಿಲ್ಕ್ ಬೋರ್ಡ್‌ನಲ್ಲಿ ಸ್ಟೇರಿಂಗ್ ಮೇಲೆ ತಲೆ ಇಟ್ಕೊಂಡು ಕೂತಿರೋರಿಗೆ, ಎಲ್ಲರಿಗೂ. ಇವತ್ತು ಗೆಸ್ಟ್ ಇಲ್ಲ, ನಾನೊಬ್ಬಳೇ. ಮನೇಲಿ ನಡೀತಿರೋ ಒಂದು ಜಗಳವನ್ನ ನಿಮ್ಮ ಮುಂದೆ ಇಡೋಣ ಅಂತ.

2022ರಲ್ಲಿ ನಾನು ಕಾರು ತಗೊಂಡೆ. ಮನೆ ವಿಜಯನಗರ, ಆಫೀಸು ಮಾರತ್‌ಹಳ್ಳಿ. ಹೋಗಿ ಬರೋದು ದಿನಕ್ಕೆ 40 ಕಿಲೋಮೀಟರ್. ಶೋಕಿಗೆ ತಗೊಂಡಿದ್ದಲ್ಲ. ಶಿಫ್ಟ್ ಮುಗಿಯೋದು ಕೆಲವು ದಿನ ರಾತ್ರಿ ಒಂಬತ್ತೂವರೆ. ಆ ಹೊತ್ತಲ್ಲಿ ರಿಂಗ್ ರೋಡಿನ ಕತ್ತಲೆ ಸ್ಟಾಪಿನಲ್ಲಿ ಒಬ್ಬಳೇ ನಿಂತಿರೋದು ಹೇಗಿರುತ್ತೆ ಅಂತ ಹುಡುಗೀರಿಗೆ ನಾನು ಹೇಳಬೇಕಾಗಿಲ್ಲ. ಕಾರಿನ ಬಾಗಿಲು ಲಾಕ್ ಆದಾಗ ಬರ್ತಿತ್ತಲ್ಲ ಆ ಸದ್ದು, ಅದಕ್ಕೇ ನಾನು ಇಎಂಐ ಕಟ್ತಿದ್ದೆ ಅನ್ಸುತ್ತೆ.

ಒಂದು ದಿನ ಮಾರತ್‌ಹಳ್ಳಿ ಬ್ರಿಡ್ಜ್ ಹತ್ರ ನಿಂತಲ್ಲೇ ನಿಂತಿದ್ದೆ. ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಈ ಟ್ರಾಫಿಕ್‌ನಲ್ಲಿ ನನ್ನ ಕಾರು ಲೀಟರಿಗೆ ಕೊಡ್ತಿದ್ದದ್ದು 12 ಕಿಲೋಮೀಟರ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ತಿಂಗಳಿಗೆ 22 ದಿನ, ವರ್ಷಕ್ಕೆ 12 ತಿಂಗಳು. ಬಂದ ಉತ್ತರ ಎರಡು ಟನ್ ಚಿಲ್ಲರೆ. ನಮ್ಮ ದೇಶದಲ್ಲಿ ಒಬ್ಬ ಸರಾಸರಿ ಮನುಷ್ಯನ ಇಡೀ ವರ್ಷದ ಪಾಲು, ಅಡುಗೆ, ಕರೆಂಟು, ಓಡಾಟ, ಫ್ಯಾಕ್ಟರಿ ಎಲ್ಲ ಸೇರಿ, ಹೆಚ್ಚುಕಮ್ಮಿ ಅಷ್ಟೇ. ನಾನು ಅದನ್ನ ಬರೀ ಆಫೀಸಿಗೆ ಹೋಗಿ ಬರೋದ್ರಲ್ಲೇ ಮುಗಿಸ್ತಿದ್ದೆ!

ಎಲೆಕ್ಟ್ರಿಕ್ ತಗೋಬಹುದಿತ್ತಲ್ಲ ಅಂತ ಕೇಳ್ತೀರ. ಹೊಗೆ ಕಡಿಮೆಯಾಗುತ್ತೆ, ಒಪ್ಪಿದೆ. ಆದ್ರೆ ದೇಶದ ಕರೆಂಟಿನ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರ್ತಿದೆ. ಮತ್ತೆ ಎಲೆಕ್ಟ್ರಿಕ್ ಕಾರೇನು ರಸ್ತೆ ಮೇಲೆ ತೇಲಿಕೊಂಡು ಹೋಗಲ್ಲ. ಅದೂ ಅಷ್ಟೇ ಜಾಗ ತಿನ್ನುತ್ತೆ, ಒಳಗೆ ಕೂರೋದೂ ನಾನೊಬ್ಬಳೇ.

2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಆಯ್ತು. ವಿಜಯನಗರದಲ್ಲಿ ಹತ್ತಿದ್ರೆ ಒಂದೇ ಟ್ರೇನಿನಲ್ಲಿ ಕೆ.ಆರ್. ಪುರ, ಅಲ್ಲಿಂದ 500-ಡಿ ಬಸ್ಸು. ಅದಕ್ಕೂ ಮೊದಲೇ, ಅದೇ ವರ್ಷದ ಜೂನ್ 11ಕ್ಕೆ, ಶಕ್ತಿ ಯೋಜನೆ ಬಂದಿತ್ತು. ಅಂದ್ರೆ ಬಸ್ಸು ನನಗೆ ಫ್ರೀ. ಆರು ತಿಂಗಳು ಹಾಗೇ ಓಡಾಡಿ ನೋಡಿದೆ, ಆಮೇಲೆ ಕಾರು ಮಾರಿದೆ. ಅಪ್ಪ ಮೂರು ದಿನ ಮಾತಾಡಲಿಲ್ಲ. ಊರಲ್ಲಿ ಎಲ್ಲರಿಗೂ ಕಾರಿನ ಫೋಟೋ ತೋರಿಸಿದ್ರು ಪಾಪ. ತಡರಾತ್ರಿ ಶಿಫ್ಟ್ ಇದ್ದ ದಿನ ಈಗಲೂ ಕ್ಯಾಬೇ ಮಾಡ್ತೀನಿ, ಅದನ್ನ ಮುಚ್ಚಿಡೋದಿಲ್ಲ.

ಈ 500-ಡಿ ವಿಷಯಕ್ಕೆ ಬರ್ತೀನಿ, ಇದು ನನಗೆ ಹೊಟ್ಟೆ ಉರಿಯೋ ವಿಷಯ. 2019ರ ಅಕ್ಟೋಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ರು, ನೆನಪಿದೆಯಾ? ಕೆ.ಆರ್. ಪುರದಿಂದ ಸಿಲ್ಕ್ ಬೋರ್ಡ್ ಕಡೆಗೆ, ಪಕ್ಕದಲ್ಲಿ ಚಿಕ್ಕ ಚಿಕ್ಕ ಕಂಬ ನೆಟ್ಟು. ಆಗ ನಾನು ಬಸ್ಸಲ್ಲೇ ಹೋಗ್ತಿದ್ದೆ. ಪಕ್ಕದಲ್ಲಿ ಕಾರುಗಳು ಸಾಲಾಗಿ ನಿಂತಿವೆ, ನಮ್ಮ ಬಸ್ಸು ಸುಮ್ಮನೆ ಮುಂದೆ ಹೋಗ್ತಿದೆ. ಕಿಟಕಿ ಪಕ್ಕ ಕೂತು ಕಾರಿನೋರ ಮುಖ ನೋಡೋದು... ಸ್ವಲ್ಪ ಕೆಟ್ಟ ಖುಷಿ, ಆದ್ರೂ ಖುಷಿ. ಹೊಸ ಫ್ಲೈಓವರ್ ಇಲ್ಲ, ಸಾವಿರಾರು ಕೋಟಿ ಇಲ್ಲ. ಇದ್ದ ರಸ್ತೆಯನ್ನೇ ಹಂಚಿದ್ದು, ಅಷ್ಟೇ. ಆಮೇಲೆ ಕೋವಿಡ್ ಬಂತು, ಅದರ ಹಿಂದೆ ಮೆಟ್ರೋ ಕಾಮಗಾರಿ. ಕಂಬಗಳು ಹೋದವು, ಲೇನೂ ಹೋಯ್ತು. ಈಗ ಅದೇ 500-ಡಿ ಕಾರುಗಳ ಮಧ್ಯೆ ಸಿಕ್ಕಿಹಾಕ್ಕೊಂಡಿರುತ್ತೆ. ಅರವತ್ತು ಜನ ನಿಂತಿರೋ ಬಸ್ಸು, ಒಬ್ಬೊಬ್ಬರೇ ಕೂತಿರೋ ನಾಲ್ಕು ಕಾರಿಗಾಗಿ ಕಾಯುತ್ತೆ.

2023ರ ನವೆಂಬರ್‌ನಲ್ಲಿ ಬಿಬಿಎಂಪಿ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡ್ತು. 2050ರ ಹೊತ್ತಿಗೆ ಬೆಂಗಳೂರು ನೆಟ್ ಝೀರೋ ಆಗಬೇಕು ಅಂತ ಅದರಲ್ಲಿದೆ. ಇನ್ನೊಂದು ಕಡೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಯೋಜನೆ, ಅಂದಾಜು 17 ಸಾವಿರ ಕೋಟಿ ರೂಪಾಯಿ. ಇವೆರಡೂ ಒಂದೇ ಊರಿನ ಕನಸು ಹೇಗಾಗುತ್ತೆ, ನನಗಂತೂ ಅರ್ಥವಾಗಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ನನ್ನ ಪಕ್ಕದ ಡೆಸ್ಕಿನ ಹುಡುಗ ಮಾರನೇ ವಾರವೇ ಮತ್ತೆ ಸ್ಕೂಟರ್ ಹತ್ತಿದ.

ಸ್ಟಾಕ್‌ಹೋಮ್‌ನವರು ಇದನ್ನ ತಿರುವುಮುರುವು ಮಾಡಿದ್ರು. 2005ರಲ್ಲಿ ಮೊದಲು ಬಸ್ಸು ಜಾಸ್ತಿ ಬಿಟ್ರು. ಆಮೇಲೆ 2006ರ ಜನವರಿಯಿಂದ ಜುಲೈವರೆಗೆ, ಕಾರು ನಗರದ ಒಳಗೆ ಬಂದ್ರೆ ದುಡ್ಡು ಅಂತ ಪ್ರಯೋಗ. ಶುರುವಾಗೋ ಮುಂಚೆ ಹೆಚ್ಚಿನ ಜನ ವಿರೋಧವಾಗಿದ್ರು. ಒಳಗೆ ಬರೋ ವಾಹನ ಸುಮಾರು ಶೇಕಡ 20ರಷ್ಟು ಕಡಿಮೆಯಾಯ್ತು. ಸೆಪ್ಟೆಂಬರ್‌ನಲ್ಲಿ ಮತ ಹಾಕಿಸಿದಾಗ ನಗರದ ಜನರೇ ಇರಲಿ ಅಂದ್ರು, 2007ರಲ್ಲಿ ಕಾಯಂ ಆಯ್ತು. ಮೊದಲು ಬಸ್ಸು, ಆಮೇಲೆ ಶುಲ್ಕ. ನಮ್ಮಲ್ಲಿ ಉಲ್ಟಾ ಮಾಡಿದ್ರೆ ಬೈಗುಳ ಬೀಳುತ್ತೆ, ಬೀಳಬೇಕಾದ್ದೇ.

ಇನ್ನು ಜಗಳದ ವಿಷಯ. ಕಾರು ಮಾರಿ ನಾಲ್ಕು ತಿಂಗಳಿಗೆ ಅಮ್ಮ ಬಿದ್ದಳು. ವಯಸ್ಸು 62. ಮನೆಯಿಂದ ಬಸ್ ಸ್ಟಾಪಿಗೆ ಆರು ನಿಮಿಷದ ದಾರಿ. ಫುಟ್‌ಪಾತಿನಲ್ಲಿ ಒಂದು ಚಪ್ಪಡಿ ವಾಲಿಕೊಂಡಿತ್ತು, ಅದರ ಪಕ್ಕ ಟ್ರಾನ್ಸ್‌ಫಾರ್ಮರ್, ಅದನ್ನ ದಾಟಿದ್ರೆ ನಿಲ್ಲಿಸಿರೋ ಬೈಕುಗಳು. ಅವಳು ಬೈಕು ತಪ್ಪಿಸೋಕೆ ಹೋಗಿ ಚಪ್ಪಡಿ ಮೇಲೆ ಕಾಲಿಟ್ಟಳು. ಮಣಿಕಟ್ಟು ಮುರೀತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸ್ಕೊಂಡು ಕೂತಾಗ ಅಂದಳು, "ಕಾರಿದ್ದಿದ್ರೆ ಇದಾಗ್ತಿರಲಿಲ್ಲ ಕಣೇ."

ಉತ್ತರ ಕೊಡಕ್ಕೆ ಆಗಲಿಲ್ಲ. ಅವಳು ಹೇಳಿದ್ದು ನಿಜ. ನನ್ನ ಎರಡು ಟನ್ ಲೆಕ್ಕದಲ್ಲಿ ಈ ಆರು ನಿಮಿಷದ ದಾರಿ ಇರಲೇ ಇಲ್ಲ. ಅಪ್ಪ ಈಗ ಮತ್ತೆ ಕಾರು ತಗೋ ಅಂತಾರೆ, ವಾರಕ್ಕೊಂದು ಸಲ ಜಾಹೀರಾತು ಫಾರ್ವರ್ಡ್ ಮಾಡ್ತಾರೆ. ನಾನು ಇನ್ನೂ ತಗೊಂಡಿಲ್ಲ, ತಗೊಳಲ್ಲ ಅಂತಾನೂ ಅವರಿಗೆ ಹೇಳಿಲ್ಲ. ವಾರ್ಡ್ ಆಫೀಸಿಗೆ ಮೂರು ಸಲ ಫೋಟೋ ಕಳಿಸಿದ್ದೀನಿ. ಮೊನ್ನೆ ನೋಡಿದ್ರೆ ಆ ಚಪ್ಪಡಿ ಸಂದಿಗೆ ಯಾರೋ ಪುಣ್ಯಾತ್ಮರು ಒಂದು ಹೊಂಗೆ ಕೊಂಬೆ ಸಿಗಿಸಿದ್ದಾರೆ, ಹುಷಾರು ಅಂತ.

ಅಮ್ಮ ಈಗ ಕೋಲು ಹಿಡ್ಕೊಂಡು ಅದೇ ದಾರೀಲಿ ಹೋಗ್ತಾಳೆ, ಗುರುವಾರ ರಾಯರ ಮಠಕ್ಕೆ, ಫ್ರೀ ಬಸ್ಸಲ್ಲಿ. ಬೇಡ ಅಂದ್ರೆ ಕೇಳಲ್ಲ.

ನಿಮ್ಮನೆ ಬಾಗಿಲಿಂದ ಸ್ಟಾಪಿಗೆ ಎಷ್ಟು ನಿಮಿಷ? ದಾರೀಲಿ ಏನೇನಿದೆ, ರಾತ್ರಿ ಲೈಟ್ ಇರುತ್ತಾ? ನಡೀತಾ ನಡೀತಾನೇ ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅವನ್ನೇ ಕೇಳಿಸ್ತೀನಿ. ರಸ್ತೆ ದಾಟುವಾಗ ಮಾತ್ರ ಫೋನ್ ಜೇಬಿಗೆ ಹಾಕ್ಕೊಳ್ಳಿ, ದಯವಿಟ್ಟು.